ಕೆಡಿಸುವ ವಾರ

ನಾನು ಹುಟ್ಟಿದ್ದು ಮಂಜಿಷ್ಠ ನೇರಳೆಯಾದ ವರ್ಷ. ನಮ್ಮೂರಲ್ಲಿ ಯಾರ ವಯಸ್ಸು ಕೇಳಿದರೂ ಉತ್ತರ ಹೀಗೆಯೇ ಬರುತ್ತದೆ. ನನ್ನ ಹೆಂಡತಿ ಅರಿಸಿನ ಹಸಿರಾದ ವರ್ಷದವಳು. ಅರಿಸಿನ ನಮ್ಮಲ್ಲಿ ಎರಡು ಸಲ ಹಸಿರಾಗಿದೆ, ಇವಳು ಯಾವ ಸಲದವಳು ಎಂಬುದು ಮದುವೆಯಾಗಿ ನಾಲ್ಕು ವರ್ಷದ ಮೇಲೆ ನನಗೆ ತಿಳಿಯಿತು. ಅಷ್ಟು ಹೊತ್ತಿಗೆ ತಿಳಿದು ಮಾಡುವುದೇನೂ ಇರಲಿಲ್ಲ.

ಪ್ರತಿ ವರ್ಷ ಕಾರಹುಣ್ಣಿಮೆಯ ಮರುದಿನ ನಮ್ಮ ಹಳ್ಳದ ನೀರು ತಿರುಗುತ್ತದೆ. ಕುಡಿಯಲು ಅದೇ ರುಚಿ, ಮೈಗೆ ಅದೇ ತಂಪು. ಆದರೆ ನಿನ್ನೆಯವರೆಗೆ ಕೆಂಪು ಕೊಡುತ್ತಿದ್ದ ಮಂಜಿಷ್ಠದ ಬೇರು ಇವತ್ತು ಬೂದು ಕೊಟ್ಟೀತು, ನೀಲಿ ಕೊಡುತ್ತಿದ್ದ ಎಲೆ ಹಳದಿ ಕೊಟ್ಟೀತು. ಹೋದ ವರ್ಷದ ಅಳತೆ ಯಾವುದೂ ನಡೆಯುವುದಿಲ್ಲ. ಹೀಗಾಗಿ ನಮ್ಮಲ್ಲಿ ಮದುವೆ ಸೀರೆಯ ಬಣ್ಣಕ್ಕೆ ಬೀಗರು ಜಗಳವಾಡುವುದಿಲ್ಲ, ಜಗಳಕ್ಕೆ ಬೇರೆ ವಿಷಯ ಹುಡುಕಿಕೊಳ್ಳುತ್ತಾರೆ. ಶಾಲೆಯ ಮಕ್ಕಳ ಸಮವಸ್ತ್ರ ವರ್ಷಕ್ಕೊಂದು ಬಣ್ಣ. ಒಂದು ವರ್ಷ ಬಿಳಿ ಬಟ್ಟೆಗೆ ಹಾಕುವ ನೀಲಿ ಕೈಕೊಟ್ಟು ಊರಿನ ಗಂಡಸರ ಧೋತರಗಳೆಲ್ಲ ತಿಳಿ ಗುಲಾಬಿಯಾದವು. ಪಂಚಾಯಿತಿ ಸಭೆಯಲ್ಲಿ ಹಿರಿಯರು ಗುಲಾಬಿ ಧೋತರ ಉಟ್ಟುಕೊಂಡೇ ಚರಂಡಿಯ ಬಗ್ಗೆ ಗಂಭೀರವಾಗಿ ಮಾತಾಡಿದರು. ಯಾರೂ ನಗಲಿಲ್ಲ, ಏಕೆಂದರೆ ನಗಬೇಕಾದವರೂ ಅದನ್ನೇ ಉಟ್ಟಿದ್ದರು.

ನೂಲಿಗೆ ಬಣ್ಣ ಹಾಕುವುದೇ ನಮ್ಮೂರಿನ ಕಸುಬು. ಏಳು ಬಣ್ಣದ ಮನೆಗಳಿವೆ. ಏಳರಲ್ಲಿಯೂ ಒಂದು ಪದ್ಧತಿ ಇದೆ, ಅದಕ್ಕೆ ಕೆಡಿಸುವ ವಾರ ಎನ್ನುತ್ತಾರೆ. ನೀರು ತಿರುಗಿದ ದಿನದಿಂದ ಏಳು ದಿನ ಯಾರೂ ಯಾವ ಆರ್ಡರಿಗೂ ಕೈ ಹಚ್ಚುವಂತಿಲ್ಲ. ಎಲ್ಲರೂ ಮನಸ್ಸಿಗೆ ಬಂದಷ್ಟು ನೂಲು ಕೆಡಿಸಬೇಕು, ಯಾರೂ ಯಾರಿಗೂ ಬೈಯಬಾರದು. ಆದರೆ ನೂಲಿನ ಮೊದಲ ಸುರುಳಿ, ನಮ್ಮ ಮಾತಲ್ಲಿ ಲಡಿ, ಕೆಡಿಸಬೇಕಾದವರು ಯಜಮಾನರು. ಎಲ್ಲರ ಕಣ್ಣೆದುರು ಅವರು ಹಂಡೆಯ ಮುಂದೆ ಕೂತು, ನೂಲಿನ ಲಡಿ ಅದ್ದಿ, ಎತ್ತಿ, ಛೀ ಎನ್ನುವಂಥ ಬಣ್ಣ ತೆಗೆದು ತೋರಿಸಬೇಕು. ಆ ಲಡಿಯನ್ನು ತಲೆಬಾಗಿಲ ಮೇಲೆ ಕಟ್ಟುತ್ತಾರೆ, ಅದು ವರ್ಷವಿಡೀ ಅಲ್ಲೇ ಇರುತ್ತದೆ. ಯಜಮಾನರೇ ಕೆಡಿಸಿದ್ದು ಬಾಗಿಲಲ್ಲಿ ತೂಗುತ್ತಿದ್ದರೆ ಉಳಿದವರಿಗೆ ಎಂಥ ಅಂಜಿಕೆ?

ನಾನು ಕೆಲಸ ಮಾಡುವುದು ಕಸ್ತೂರೆವ್ವನವರ ಮನೆಯಲ್ಲಿ. ಅವರನ್ನು ನಾವು ಅಕ್ಕಾರು ಎನ್ನುತ್ತೇವೆ. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದಾಗ ಅವರಿಗೆ ಲಡಿಯ ತುದಿ ಯಾವುದು, ನಡು ಯಾವುದು ಎಂದೂ ಗೊತ್ತಿರಲಿಲ್ಲವಂತೆ. ಮಾವ ತೀರಿಕೊಂಡ ಮೇಲೆ ಮನೆ ನಡೆಸಬೇಕಾದವರು ಗಂಡ ರಾಚಪ್ಪ. ಆದರೆ ರಾಚಪ್ಪನವರು ಮಾತಿನ ಮನುಷ್ಯನಲ್ಲ, ಹಂಡೆಯ ಮುಂದೆ ಕೂತರೆ ಕೂತರು. ಹಾಗಾಗಿ ಯಜಮಾನಿಕೆ ಅಕ್ಕಾರ ಹೆಗಲಿಗೆ ಬಂತು, ಅವರು ಅದನ್ನು ತಮ್ಮ ರೀತಿಯಲ್ಲಿ ಹೊತ್ತರು. ಅವರದು ಒಂದೇ ಪ್ರಶ್ನೆ. ಲಡಿ ಕೆಟ್ಟು ಬಂದಾಗಲೆಲ್ಲ ಅದನ್ನು ಹಿಂಡಿ, ಕೆನ್ನೆಗೆ ಒತ್ತಿ ನೋಡಿ, ಪಕ್ಕದಲ್ಲಿ ಯಾರಿದ್ದರೆ ಅವರನ್ನೇ ಕೇಳುತ್ತಿದ್ದರು: "ಮುಂದ ಏನ್ ಹಾಕೂಣು?" ಗಂಡನನ್ನೂ ಕೇಳುತ್ತಿದ್ದರು, ನನ್ನನ್ನೂ ಕೇಳುತ್ತಿದ್ದರು, ಕಟ್ಟಿಗೆ ಇಳಿಸಲು ಬಂದ ಗಾಡಿಯವನನ್ನೂ ಕೇಳುತ್ತಿದ್ದರು. ಕೇಳಿ ಸುಮ್ಮನಾಗುತ್ತಿರಲಿಲ್ಲ, ಅವನು ಹೇಳಿದ್ದನ್ನು ಹಾಕಿಯೇ ನೋಡುತ್ತಿದ್ದರು.

ಸಾವಂತ್ರಿ ಕೆಲಸಕ್ಕೆ ಬಂದ ಎರಡನೇ ದಿನದ್ದು ನನಗೆ ಚೆನ್ನಾಗಿ ನೆನಪಿದೆ. ಅದೂ ಕೆಡಿಸುವ ವಾರವೇ. ಅವಳ ಹಂಡೆಯಿಂದ ಕುಂಬಳದ ಹೂವಿನಂಥ ಹಳದಿ ಎದ್ದು ಬಂತು. ಎಲ್ಲರೂ ಬಾಯಿ ಬಿಟ್ಟು ನೋಡಿದರೆ ಅವಳು ಅಳುತ್ತ ನಿಂತಿದ್ದಳು. ಊಟಕ್ಕೆ ತಂದ ಮಜ್ಜಿಗೆಯ ಗಡಿಗೆ ಕೈಜಾರಿ ಹಂಡೆಯೊಳಗೆ ಬಿದ್ದಿತ್ತು. ಅಕ್ಕಾರು ಅವಳೆದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. "ಅಳಬ್ಯಾಡ, ಹೇಳ್. ಮಜ್ಜಿಗಿ ಹುಳಿ ಇತ್ತೇನು? ಎಷ್ಟಿತ್ತು? ಬೆಂಕಿ ಹೆಂಗಿತ್ತು?" ಎಂದು ಒಂದೊಂದಾಗಿ ಕೇಳಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಕದ್ದು ನೋಡಿದೆ. "ಸಾವಂತ್ರಿ. ಮಜ್ಜಿಗಿ. ಕೈ ತಪ್ಪಿ" ಎಂದಿತ್ತು. ಆ ವರ್ಷ ನಮ್ಮ ನಲವತ್ತು ಜನರ ಹೊಟ್ಟೆ ತುಂಬಿಸಿದ್ದು ಆ ಮಜ್ಜಿಗೆಯೇ.

ರಾಚಪ್ಪನವರ ಕೆಂಪು ಬಂದದ್ದು ಅದಾಗಿ ಎರಡು ವರ್ಷದ ಮೇಲೆ, ಕೆಡಿಸುವ ವಾರದಲ್ಲೇ. ಲಡಿಯನ್ನು ಹಂಡೆಯಲ್ಲಿ ಬಿಟ್ಟು ಊಟಕ್ಕೆ ಹೋದವರು ಅಲ್ಲಿಯೇ ಗೋಡೆಗೊರಗಿ ನಿದ್ದೆ ಹೋದರು. ಎದ್ದು ಬಂದು ತೆಗೆದರೆ, ಬಿಸಿಲಿಗೆ ಹರವಿದ ಹಣ್ಣು ಮೆಣಸಿನಕಾಯಿ ಎರಡನೇ ದಿನ ಹೇಗಿರುತ್ತದೋ ಆ ಕೆಂಪು. ಅಂಥ ಕೆಂಪು ನಮ್ಮೂರ ನೀರು ಹಿಂದೆ ಎಂದೂ ಕೊಟ್ಟಿರಲಿಲ್ಲ. ಆ ವರ್ಷ ಯಜಮಾನರ ಮೊದಲ ಲಡಿ ಎಂದು ಬಾಗಿಲಿಗೆ ಕಟ್ಟಿದ್ದೂ ಅದನ್ನೇ, ಏಕೆಂದರೆ ಅಕ್ಕಾರು ಹಟ ಹಿಡಿದರು. "ನಿದ್ದಿ ಹೊಡದು ಕೆಡಿಸಿದ್ದಲ್ಲೇನು? ಕೆಟ್ಟದ್ದ ಅದು, ಕಟ್ರಿ," ಎಂದು ನಕ್ಕರು. ರಾಚಪ್ಪನವರು ನಾಚಿಕೊಂಡು ಹಿತ್ತಲಿಗೆ ಹೋದರು. ದೂರದ ಊರಿನ ಸೀರೆ ವ್ಯಾಪಾರಿ ಮೌಲಾಸಾಬರು ಆ ವರ್ಷವೇ ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿದ್ದು.

ಮುಂದಿನ ಕಾರಹುಣ್ಣಿಮೆಗೆ ನಲವತ್ತು ದಿನ ಇರುವಾಗ ರಾಚಪ್ಪನವರು ಹೋಗಿಬಿಟ್ಟರು. ಮೂರು ದಿನದ ಜ್ವರ, ಅಷ್ಟೇ. ಅಕ್ಕಾರು ನಮ್ಮೆದುರು ಅಳಲಿಲ್ಲ. ಹುಣ್ಣಿಮೆ ಹತ್ತಿರ ಬಂದಾಗ ಹಿತ್ತಲಿನ ನೆಲತೊಟ್ಟಿಯನ್ನು ತಿಕ್ಕಿ ತೊಳೆಸಿದರು. ಎರಡಾಳು ಆಳದ ಕಲ್ಲಿನ ತೊಟ್ಟಿ ಅದು. "ನೀರ ತಿರಗೂಕಿಂತ ಮೊದಲ ತುಂಬಿಸ್ರಿ," ಎಂದರು. ಮೂರು ದಿನ ನಾವೆಲ್ಲ ಹಳ್ಳದಿಂದ ಕೊಡ ಹೊತ್ತೆವು. ಹೊತ್ತಿಟ್ಟ ನೀರು ತಿರುಗುತ್ತದೋ ಇಲ್ಲವೋ ಎಂದು ಅಲ್ಲಿಯವರೆಗೆ ಊರಲ್ಲಿ ಯಾರೂ ನೋಡಿರಲಿಲ್ಲ, ಯಾರಿಗೂ ಆ ಅಗತ್ಯ ಬಿದ್ದಿರಲಿಲ್ಲ. ಅದು ತಿರುಗಲಿಲ್ಲ. ಹಳ್ಳದ ನೀರು ಬೇರೆಯಾಯಿತು, ನಮ್ಮ ತೊಟ್ಟಿಯ ನೀರು ರಾಚಪ್ಪನವರ ವರ್ಷದಲ್ಲೇ ನಿಂತಿತು.

ಆ ವರ್ಷ ನಮ್ಮ ಮನೆಯಲ್ಲಿ ಕೆಡಿಸುವ ವಾರ ನಡೆಯಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಬಾಗಿಲ ಮೇಲಿನ ಲಡಿಯನ್ನು ಯಾರೂ ಇಳಿಸಲಿಲ್ಲ. ನಾವು ವರ್ಷವಿಡೀ ಒಂದೇ ಕೆಂಪು ಹಾಕಿದೆವು, ಅದನ್ನು ಮೌಲಾಸಾಬರೇ ಒಯ್ಯುತ್ತಿದ್ದರು. ಅಕ್ಕಾರು ನೋಟ್‌ಬುಕ್ಕನ್ನು ಎತ್ತಿಟ್ಟರು. ಮುಂದೇನು ಹಾಕೋಣ ಎಂದು ಕೇಳುವುದನ್ನೂ ನಿಲ್ಲಿಸಿದರು, ಏನು ಹಾಕಬೇಕೆಂದು ಗೊತ್ತೇ ಇತ್ತಲ್ಲ. ಉಳಿದ ಆರು ಮನೆಗಳಿಂದ ಪ್ರತಿ ವರ್ಷ ಆ ಏಳು ದಿನ ಕೇಕೆ, ನಗೆ, ಬಿದ್ದುಬಿದ್ದು ನಗುವ ಸದ್ದು ಗೋಡೆ ಹಾರಿ ಬರುತ್ತಿತ್ತು. ಆಗ ನಾವು ತಲೆ ತಗ್ಗಿಸಿ ಕೆಂಪು ತಿರುವುತ್ತಿದ್ದೆವು. ಹೊಸತು ಕಲಿಯುವ ಕೈಗಳು ಒಂದೊಂದಾಗಿ ಆ ಮನೆಗಳಿಗೆ ಹೋದವು. ನಲವತ್ತು ಜನ ಇದ್ದೆವು, ಒಂಬತ್ತು ಉಳಿದೆವು. ಅಕ್ಕಾರನ್ನು ದೂರುವ ಮನಸ್ಸು ನನಗೆ ಬರಲಿಲ್ಲ. ಅವರು ಹಿಡಿದುಕೊಂಡಿದ್ದು ಬಣ್ಣವನ್ನಲ್ಲ ಎಂದು ಕುರುಡನಿಗೂ ಕಾಣುತ್ತಿತ್ತು.

ಇನ್ನು ನನ್ನ ತಪ್ಪಿನ ಮಾತು. ತೊಟ್ಟಿಯ ಕೀಲಿ ಮತ್ತು ಅಳತೆಯ ಬಿದಿರುಕೋಲು ನನ್ನ ಕೈಯಲ್ಲಿದ್ದವು. ಮೂರನೇ ವರ್ಷ ಒಂದು ಮಧ್ಯಾಹ್ನ ಅಕ್ಕಾರು ತೊಟ್ಟಿಯ ಬಾಯಿಯ ಹತ್ತಿರ ಕೂತು, ಕೆಳಗೆ ನೋಡದೆ, "ಎಷ್ಟೈತಿ ಯಂಕಪ್ಪ?" ಎಂದು ಕೇಳಿದರು. ನೀರು ಮೊಣಕಾಲಿಗಿಂತ ಕೆಳಗಿತ್ತು. ನಾನು ಕೋಲನ್ನು ಎತ್ತಿ ಅವರ ಮುಖ ನೋಡಿದೆ. ವೈದ್ಯರ ಬಾಯಿ ನೋಡುತ್ತ ಕೂತವರ ಮುಖ ಅದು. "ಮೊಣಕಾಲಮಟ ಐತ್ರಿ ಅಕ್ಕಾರ, ಏನೂ ಚಿಂತಿ ಇಲ್ಲ," ಎಂದುಬಿಟ್ಟೆ. ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ? ಅವರು ಊಟ ಮಾಡಿ ಮುಖದ ಮೇಲೆ ಸೆರಗು ಹಾಕಿಕೊಂಡು ಒರಗಿದ ಹೊತ್ತಿನಲ್ಲಿ ಹಳ್ಳದಿಂದ ನಾಲ್ಕು ಕೊಡ ಹೊಸ ನೀರು ತಂದು ಸುರಿದೆ. ಅಲ್ಲಿಂದ ನಾಲ್ಕು ವರ್ಷ ತೊಟ್ಟಿ ಮೊಣಕಾಲಮಟ ಇದ್ದೇ ಇತ್ತು. ಅಕ್ಕಾರೂ ಅದು ಹೇಗೆ ಎಂದು ಒಮ್ಮೆಯೂ ಕೇಳಲಿಲ್ಲ.

ಮೊದಲ ಸಲ ಹೊಸ ನೀರು ಬೆರೆತ ಹಂಡೆಯ ಮುಂದೆ ಅವರು ಕೂತಾಗ ನಾನು ಹೋಗಿ ಮೂಲೆ ಸೇರಿದೆ. ಲಡಿ ಎತ್ತಿದರು. ಕೆಂಪು ಸ್ವಲ್ಪ ಮಂಕಾಗಿತ್ತು. ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, "ಈ ಸಲದ ಬೇರ ಸರಿ ಇಲ್ಲ," ಎಂದರು. ಬಣ್ಣ ಹಿಡಿಸುವ ಪಟಕ ಒಂದು ಚಿಟಿಕೆ ಹಾಕಿದರು, ಎರಡು ಕಟ್ಟಿಗೆ ಎಳೆದು ಬೆಂಕಿ ತಗ್ಗಿಸಿದರು. ಕೆಂಪು ಎದ್ದು ಕೂತಿತು. ಇನ್ನೊಮ್ಮೆ ಕಟ್ಟಿಗೆ ಹಸಿ ಎಂದರು, ಮತ್ತೊಮ್ಮೆ ನೂಲು ಒರಟು ಎಂದರು. ನೀರೊಂದನ್ನು ಬಿಟ್ಟು ಎಲ್ಲವನ್ನೂ ದೂರಿದರು. ದೂರುತ್ತಲೇ ಆ ಕೈಗಳು ಅಳಲೆಕಾಯಿ ಹೆಚ್ಚಿಸಿದವು, ಹೊತ್ತು ಕಡಿಮೆ ಮಾಡಿದವು, ಒಮ್ಮೆ ದಾಳಿಂಬೆ ಸಿಪ್ಪೆಯನ್ನೂ ಸೇರಿಸಿದವು. ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಮೋಸ ಮಾಡಿದವನಿಗೆ ಇಷ್ಟು ಹೆಮ್ಮೆ ಬರಬಾರದು, ಆದರೆ ಬಂತು.

ಈ ವರ್ಷ ನನ್ನ ಜಾಣತನ ಮುಗಿಯಿತು. ಬೇಸಿಗೆಯ ಮದುವೆಗಳಿಗೆ ಬಣ್ಣ ಹಾಕಿ ತೊಟ್ಟಿಯ ನೀರು ಗೇಣಿಗೆ ಇಳಿದಿತ್ತು. ಹಳ್ಳ ಬತ್ತಿ ಒಂದು ಗುಂಡಿಯಷ್ಟೇ ಉಳಿದಿತ್ತು, ಅಲ್ಲಿ ಊರಿಗೆ ಊರೇ ಕೊಡ ಹಿಡಿದು ಕೂತಿತ್ತು. ಮಳೆ ಬರಲಿ, ಆಮೇಲೆ ತುಂಬಿಸಿದರಾಯಿತು ಎಂದು ಕಾದೆ. ಮಳೆಯೂ ಬಂತು, ಕಾರಹುಣ್ಣಿಮೆಯೂ ಬಂತು. ಮರುದಿನ ಬೆಳಿಗ್ಗೆ ಒಂದು ಸಣ್ಣ ಪಾತ್ರೆ, ಒಂದಿಷ್ಟು ನೂಲು ಹಿಡಿದು ಹಳ್ಳದ ದಂಡೆಗೆ ಹೋಗಿ ಮೂರು ಕಲ್ಲು ಹೂಡಿ ನೀರು ಕಾಸಿದೆ. ಮಂಜಿಷ್ಠ ಹಾಕಿದರೆ ಹಸಿರು. ಅರಗು ಹಾಕಿದರೆ ಹಸಿರು. ದಾಳಿಂಬೆ ಸಿಪ್ಪೆ ಹಾಕಿದರೂ ಹಸಿರೇ. ಹಸಿರಿನಲ್ಲಿ ಬಗೆಬಗೆ ಇತ್ತು, ಅದು ಬೇರೆ ಮಾತು. ಆದರೆ ಇದರ ಒಂದು ಕೊಡ ತೊಟ್ಟಿಗೆ ಬಿದ್ದರೆ ಕೆಂಪಿನ ಕತೆ ಮುಗಿದಂತೆ. ಖಾಲಿ ಕೊಡ ಹೊತ್ತು ಮನೆಗೆ ಬಂದೆ.

ಅದರ ಮರುದಿನ ಸಾವಂತ್ರಿ ಅಕ್ಕಾರ ಮುಂದೆ ನಿಂತಳು. ಎರಡನೇ ದಿನ ಅತ್ತಿದ್ದ ಆ ಸಾವಂತ್ರಿ ಈಗ ನಮ್ಮಲ್ಲಿ ಅಕ್ಕಾರ ನಂತರದ ಕೈ. "ಅಕ್ಕಾರ, ನಾ ಹೋಗಬೇಕಂತ ಮಾಡೀನ್ರಿ. ಸಿಟ್ಟಿಲ್ಲ, ಬ್ಯಾಸರಿಲ್ಲ. ನನ್ನ ಕೈ ಮರತು ಹೋಗಾಕತ್ತ್ಯಾವ್ರಿ. ಆಚಿ ಮನಿಯಾಗ ನಿನ್ನೆ ಹುಡುಗ್ಯಾರು ಹನ್ನೊಂದ್ ಥರಾ ಹಸರು ತಗದಾರಂತ. ನನಗ ನಿದ್ದಿ ಬರಲಿಲ್ಲ," ಎಂದಳು. ಅಕ್ಕಾರು ಹಂಡೆಯ ಅಂಚನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು. "ಮೌಲಾಸಾಬರದು ಮುಗಿಸಿ ಹೋಗ," ಎಂದರು. "ಅಷ್ಟ್ ಮಾಡೇ ಹೋಗ್ತೀನ್ರಿ," ಎಂದು ಸಾವಂತ್ರಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮೂರನೇ ದಿನ ಮೌಲಾಸಾಬರು ಬಂದರು. ಬಿಳಿ ಗಡ್ಡ, ತೋಳಲ್ಲಿ ತಮ್ಮ ದಪ್ಪ ಪುಸ್ತಕ. ಚಹಾ ಕುಡಿದು, ಮದುವೆ ಸೀರೆಗೆ ಇನ್ನೂರು ಲಡಿ ಬೇಕು ಎಂದರು. ಅಕ್ಕಾರು ನನ್ನತ್ತ ತಿರುಗಿದರು. "ಯಂಕಪ್ಪ, ತೊಟ್ಯಾಗ ಎಷ್ಟೈತಿ ನೋಡ್ಕೊಂಡ್ ಬಾ." ನಾನು ಹೋಗಿ ತೊಟ್ಟಿಯ ಮುಂದೆ ಸುಮ್ಮನೆ ನಿಂತೆ, ಕೋಲನ್ನೂ ಇಳಿಸಲಿಲ್ಲ. ವಾಪಸು ಬಂದು, "ಗೇಣ್ ಐತ್ರಿ," ಎಂದೆ.

"ಹೋದ ತಿಂಗಳ ಮೊಣಕಾಲಮಟ ಅಂದಿದ್ದಿ."

ನಾನು ಕೈಯಲ್ಲಿದ್ದ ಕೀಲಿಯನ್ನು ತಿರುವತೊಡಗಿದೆ. ಎದುರಿನವರ ಸಂಕಟ ನೋಡಲಾಗದವರು ಮೌಲಾಸಾಬರು. ನಡುವೆ ಬಾಯಿ ಹಾಕಿದರು. "ಇರಲಿ ಬಿಡ್ರಿ ಅಕ್ಕಾರ. ಹೋದ ವರ್ಷದ ಕೆಂಪ ಬೇಕು ಅಂತ ನಾ ಎಲ್ಲಿ ಅಂದೆ? ನೀವು ಅದನ್ನ ಎಂದರ ಎರಡ ಸಲ ಕೊಟ್ಟೀರೇನು? ವರ್ಷಾ ವರ್ಷಾ ಬ್ಯಾರೆ ತಗದ ಕೊಡ್ತೀರಿ. ಅದಕ್ಕ ಅಲ್ಲೇನ್ರಿ ನಾ ಇಷ್ಟ ದೂರ ಬರೂದು?"

"ಏನಂದ್ರಿ?" ಎಂದರು ಅಕ್ಕಾರು.

ಮೌಲಾಸಾಬರು ಪುಸ್ತಕ ತೆರೆದರು. ತಾವು ಕೊಂಡ ಪ್ರತಿ ನೂಲಿನ ಒಂದು ತುಣುಕನ್ನು ಗೋಂದು ಹಚ್ಚಿ ಅಂಟಿಸುವುದು ಅವರ ಪದ್ಧತಿ. ನಮ್ಮ ಮನೆಯ ಹಾಳೆಯಲ್ಲಿ ಏಳು ತುಣುಕುಗಳು ಸಾಲಾಗಿ ಇದ್ದವು. ಮೊದಲ ಮೂರು ಒಂದೇ ಕೆಂಪು. ನಾಲ್ಕನೆಯದು ಕುಂಕುಮದ ಕಡೆಗೆ ವಾಲಿತ್ತು. ಐದನೆಯದು ಇನ್ನೂ ಗಾಢ. ಆರನೆಯದರಲ್ಲಿ ನೇರಳೆಯ ನೆರಳು ಸುಳಿದಿತ್ತು. ಏಳನೆಯದು ದಾಳಿಂಬೆಯ ಕಾಳಿನಂತೆ ಒಳಗಿನಿಂದ ಹೊಳೆಯುತ್ತಿತ್ತು. ಮೊದಲನೆಯದನ್ನೂ ಏಳನೆಯದನ್ನೂ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರು ಎನ್ನಲೂ ಆಗುತ್ತಿರಲಿಲ್ಲ. ದಿನಾ ನೋಡುವ ನಮ್ಮ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ.

ಅಕ್ಕಾರು ಎದ್ದು ತಲೆಬಾಗಿಲಿಗೆ ಹೋದರು. "ಅದನ್ನ ಇಳಸ್," ಎಂದರು. ನಾನು ಸ್ಟೂಲಿನ ಮೇಲೆ ನಿಂತು ರಾಚಪ್ಪನವರ ಲಡಿಯನ್ನು ಬಿಚ್ಚಿ ಕೊಟ್ಟೆ. ಹೊರಗಿನ ಎಳೆಗಳು ಬಿಸಿಲಿಗೆ ಮಾಸಿ ಮಣ್ಣಿನಂತಾಗಿದ್ದವು. ಅಕ್ಕಾರು ಉಗುರಿನಿಂದ ತಿರುವು ಬಿಡಿಸಿ ಒಳಗಿನ ಎಳೆ ತೆಗೆದರು. ಬಿಸಿಲು ಕಾಣದ ಆ ಎಳೆ ಏಳು ವರ್ಷದ ಹಿಂದೆ ಹಂಡೆಯಿಂದ ಎದ್ದಾಗ ಹೇಗಿತ್ತೋ ಹಾಗೇ ಇತ್ತು. ಅದನ್ನು ಪುಸ್ತಕದ ಮೇಲೆ ಹಿಡಿದರು. ಮೊದಲ ಮೂರಕ್ಕೆ ಕೂಡಿತು. ಆಮೇಲಿನ ಯಾವುದಕ್ಕೂ ಕೂಡಲಿಲ್ಲ.

ಇನ್ನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ನಾನು ಮನುಷ್ಯನಲ್ಲ. ಎಲ್ಲರ ಮುಂದೆಯೇ ಹೇಳಿದೆ. "ನಾ ಹೊಸ ನೀರ ಹಾಕೀನ್ರಿ ಅಕ್ಕಾರ. ಮೂರನೇ ವರ್ಷದಿಂದ. ನೀವು ಮಲಗಿದಾಗ." ಅವರು ನನ್ನನ್ನು ನೋಡಲಿಲ್ಲ. ಆ ಎಳೆಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, "ಹಂಗಾದ್ರ ಅಂವಾ ಹೋಗಿ ಭಾಳ ದಿನಾತು," ಎಂದರು. ಹೇಳಿ ಅಲ್ಲಿಯೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತರು. ಆರು ವರ್ಷ ಅಳದೆ ಇಟ್ಟುಕೊಂಡ ಅಳು ಅದು. ಸಾವಂತ್ರಿ ಓಡಿಬಂದು ಅವರನ್ನು ತಬ್ಬಿ ಹಿಡಿದಳು. ಮೌಲಾಸಾಬರು ತಾವೇನೋ ಒಡೆದುಬಿಟ್ಟವರಂತೆ ಪುಸ್ತಕ ಮುಚ್ಚಿ ಎದೆಗವಚಿಕೊಂಡು ನಿಂತರು. ನನಗೆ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ.

ಅಳು ತಗ್ಗಿದ ಮೇಲೆ ಅಕ್ಕಾರು ಸಾವಂತ್ರಿಯನ್ನು ಕೇಳಿದರು. "ಮತ್ತ ಆ ಪುಸ್ತಕದಾಗಿನ ನಾಕು ಕೆಂಪು? ಅವನ್ನ ಯಾರು ಹಾಕಿದ್ದು?"

"ನೀವ ರೀ ಅಕ್ಕಾರ."

"ನಾನ?"

"ಮತ್ಯಾರ್ರಿ? ಪಟಕ ಚಿಟಿಕಿ ಚಿಟಿಕಿ ಏರಿಸಿದ್ದು ನೀವ. ಬೆಂಕಿ ತಗ್ಗಿಸಿದ್ದು ನೀವ. ದಾಳಿಂಬ್ರ ಸಿಪ್ಪಿ ಹಾಕಂದಾಗ ನಾನ ಕೇಳಿದ್ದೆ, ಕೆಂಪಿಗೆ ಸಿಪ್ಪಿ ಯಾಕ್ರಿ ಅಂತ. ಗೊತ್ತಿಲ್ಲ, ಹಾಕ ಅಂದ್ರಿ."

ಅಕ್ಕಾರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ನಂತರ ಎದ್ದು ಒಳಗೆ ಹೋದರು. ಮೌಲಾಸಾಬರು ಛತ್ರದಲ್ಲಿ ಉಳಿದುಕೊಂಡರು. ಅವಸರವಿಲ್ಲ ಎಂದು ಹೇಳಿಕಳಿಸಿದರು.

ಮುಂದಿನ ಮೂರು ದಿನ ಅಕ್ಕಾರು ನನ್ನ ಜೊತೆ ಮಾತಾಡಲಿಲ್ಲ. ಮಧ್ಯಾಹ್ನ ನನ್ನ ರೊಟ್ಟಿಗೆ ಅವರೇ ಬಂದು ಶೇಂಗಾ ಚಟ್ನಿ ಬಡಿಸುವುದು ಇಪ್ಪತ್ತು ವರ್ಷದ ರೂಢಿ. ಆ ಮೂರು ದಿನ ಚಟ್ನಿ ಸಾವಂತ್ರಿಯ ಕೈಯಲ್ಲಿ ಬಂತು. ಖಾರವೂ ಅಷ್ಟೇ, ಉಪ್ಪೂ ಅಷ್ಟೇ, ಆದರೂ ಅರ್ಧ ರೊಟ್ಟಿ ಹಾಗೇ ಉಳಿಯಿತು. ಕೀಲಿ ಕೊಟ್ಟು ಹೋಗಿಬಿಡಲೇ ಎಂದುಕೊಂಡೆ. ಹೆಂಡತಿಯ ಮುಂದೆ ಅಂದರೆ, "ಹೋಗ್ ಅಂದಾರೇನು? ಅನ್ನೂತನಕ ಇರು," ಎಂದಳು. ಯಾವ ಹಸಿರಿನ ವರ್ಷದವಳಾದರೂ ಬುದ್ಧಿಗೆ ಕೊರತೆಯಿಲ್ಲ.

ಆದರೆ ಒಳಗೆ ಏನೋ ನಡೆದಿತ್ತು. ಅಕ್ಕಾರು ಪೆಟ್ಟಿಗೆಯಿಂದ ಹಳೆಯ ನೋಟ್‌ಬುಕ್ಕು ತೆಗೆಸಿ ಸಾವಂತ್ರಿಯನ್ನು ಎದುರು ಕೂರಿಸಿಕೊಂಡಿದ್ದರು. ತಮ್ಮ ಕೈ ನಾಲ್ಕು ವರ್ಷ ಏನೇನು ಮಾಡಿತು ಎಂದು ಅವಳನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು. "ಆ ಮ್ಯಾಲ? ಎಷ್ಟೊತ್ತು ಕುದಿಸಿದೆ? ನೀ ಸರಿಯಾಗಿ ನೋಡೀಯೇನು?" ಎಂದು ಮೊದಲಿನ ಅದೇ ದನಿ ಕೋಣೆಯಿಂದ ಬರುತ್ತಿತ್ತು. ಐವತ್ತೆಂಟು ವರ್ಷದ ಯಜಮಾನ್ತಿ ತಮ್ಮ ಕೈ ಕಲಿತದ್ದನ್ನು ತಮ್ಮ ಕೆಲಸದವಳಿಂದ ಕಲಿಯುತ್ತಿದ್ದರು. ನಾನು ಬಾಗಿಲ ಹೊರಗೆ ಕಟ್ಟಿಗೆ ಸೀಳುವ ನೆವದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸೀಳಿದೆ.

ಕೆಡಿಸುವ ವಾರದ ಕೊನೆಯ ದಿನ ಬೆಳಿಗ್ಗೆ ಅಕ್ಕಾರು ಹಿತ್ತಲಿಗೆ ಬಂದರು. "ತೊಟ್ಟಿ ಖಾಲಿ ಮಾಡ್ರಿ. ಹಳ್ಳದ ನೀರು ಹಳ್ಳಕ್ಕ ಹೋಗಲಿ," ಎಂದರು. ಒಂಬತ್ತು ಜನರೂ ಕೊಡ ಹಿಡಿದೆವು. ಗೇಣುದ್ದದ ನೀರು, ಆದರೂ ಹೊರುವಾಗ ಭಾರವಾಯಿತು. ತಳಕ್ಕೆ ಬಂದಾಗ ಅಕ್ಕಾರು ಮೊಣಕಾಲು ನೋವಿದ್ದರೂ ಕಲ್ಲಿನ ಮೆಟ್ಟಿಲು ಹಿಡಿದು ತಾವೇ ಇಳಿದರು. ಚಿಪ್ಪಿನಿಂದ ಕೊನೆಯ ನೀರನ್ನು ಬಳಿದು ತಂಬಿಗೆಗೆ ತುಂಬಿದರು. ಅದರಿಂದ ಅಲ್ಲಿಯೇ ಮುಖ ತೊಳೆದುಕೊಂಡರು, ನಿಧಾನವಾಗಿ, ಎರಡು ಸಲ. ನಾನು ಮೇಲಿನಿಂದ ಕೈ ಚಾಚಿದೆ. ಒಂದು ಕ್ಷಣ ನೋಡಿ ನನ್ನ ಕೈ ಹಿಡಿದೇ ಮೇಲೆ ಬಂದರು, ಮಾತು ಮಾತ್ರ ಆಡಲಿಲ್ಲ.

ಅಂಗಳದಲ್ಲಿ ದೊಡ್ಡ ಹಂಡೆ ಏರಿಸಿ ಹಳ್ಳದ ಹೊಸ ನೀರು ತುಂಬಿ ಬೆಂಕಿ ಹೊತ್ತಿಸಿದೆವು. ಸುದ್ದಿ ಹೇಗೆ ಹೋಯಿತೋ, ನಮ್ಮನ್ನು ಬಿಟ್ಟು ಹೋದವರಲ್ಲಿ ಹತ್ತಾರು ಜನ ಬಾಗಿಲಲ್ಲಿ ಬಂದು ನಿಂತರು. ಮೌಲಾಸಾಬರೂ ಬಂದರು. ಅಕ್ಕಾರು ಹಂಡೆಯ ಮುಂದೆ ಕೂತರು. ಸಾವಂತ್ರಿ ಬಿಳಿ ಲಡಿ ಕೊಡಲು ಹೋದರೆ ಬೇಡ ಎಂದರು. ಮಡಿಲಿನಿಂದ ರಾಚಪ್ಪನವರ ಲಡಿಯನ್ನು ತೆಗೆದರು.

"ಅಂಜಿಕಿ ಬರಾಕತ್ತೈತಿ," ಎಂದರು, ಯಾರಿಗೂ ಅಲ್ಲ, ಹಂಡೆಗೆ. ಒಂದಿಷ್ಟು ಮಂಜಿಷ್ಠ, ಒಂದಿಷ್ಟು ಪಟಕ ಹಾಕಿದರು. ಲಡಿಯನ್ನು ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಎರಡೂ ಕೈಯಿಂದ ಹಂಡೆಗೆ ಇಳಿಸಿಬಿಟ್ಟರು.

ಎತ್ತಿದಾಗ ಅದು ಕೆಂಪೂ ಅಲ್ಲ, ಹಸಿರೂ ಅಲ್ಲ. ಕೆಸರಿನಲ್ಲಿ ಹೊರಳಿ ಬಂದ ಎಮ್ಮೆಯ ಬಣ್ಣ. ಅಲ್ಲಲ್ಲಿ ಪಾಚಿ ಹಿಡಿದಂಥ ಕಲೆ. ಆರು ವರ್ಷದ ಕೆಟ್ಟದ್ದೆಲ್ಲ ಒಂದೇ ಲಡಿಯಲ್ಲಿ ಸೇರಿದಂತಿತ್ತು. ಮೊದಲು ನಕ್ಕವಳು ಸಾವಂತ್ರಿ. ಬಾಯಿಗೆ ಸೆರಗು ತುರುಕಿಕೊಂಡರೂ ನಗು ತಡೆಯಲಾಗಲಿಲ್ಲ. ಅಕ್ಕಾರು ಅವಳನ್ನು ನೋಡಿದರು, ಲಡಿಯನ್ನು ನೋಡಿದರು. "ಅಂವಾ ಇದ್ದಿದ್ರ ನಾಚಿ ಹಿತ್ತಲಕ್ಕ ಹೋಗ್ತಿದ್ದ," ಎಂದು ತಾವೇ ನಕ್ಕರು. ಕಣ್ಣಲ್ಲಿ ನೀರೂ ಇತ್ತು, ನಗುವೂ ಇತ್ತು. ಆಮೇಲೆ ಅಂಗಳವೆಲ್ಲ ನಕ್ಕಿತು, ಬಾಗಿಲಲ್ಲಿ ನಿಂತವರೂ ನಕ್ಕರು. ಮೌಲಾಸಾಬರು ಮುಂದೆ ಬಂದು ಸಣ್ಣ ಕತ್ತರಿಯಿಂದ ಅದರ ತುದಿ ಕತ್ತರಿಸಿಕೊಂಡು, "ಇದೂ ಒಂದು ಇರಲ್ರಿ," ಎಂದು ಪುಸ್ತಕದ ಎಂಟನೇ ಜಾಗದಲ್ಲಿ ಅಂಟಿಸಿದರು.

ಲಡಿಯನ್ನು ಬಾಗಿಲಿಗೆ ಕಟ್ಟಲು ನನ್ನ ಕೈಗೇ ಕೊಟ್ಟರು. ಕಟ್ಟಿ ಸ್ಟೂಲಿನಿಂದ ಇ‌ಳಿಯುವಾಗ ಹಂಡೆಯ ಪಕ್ಕ ತೆರೆದಿಟ್ಟ ನೋಟ್‌ಬುಕ್ಕು ಕಣ್ಣಿಗೆ ಬಿತ್ತು. ಆ ನಾಲ್ಕು ಕೆಂಪುಗಳ ಅಳತೆಯೆಲ್ಲ ಅಲ್ಲಿತ್ತು, ಚಿಟಿಕೆ ಸಮೇತ. ಮೇಲೆ, ಆರಂಭದಲ್ಲಿಯೇ, ಅವರ ಗುಂಡು ಅಕ್ಷರದಲ್ಲಿ ಬರೆದಿತ್ತು: "ಯಂಕಪ್ಪ. ಹೊಸ ನೀರು. ಬೇಕಂತಲೇ." ನಾನು ಅದನ್ನು ಎರಡು ಸಲ ಓದಿದೆ. ಮೂರನೇ ಸಲ ಓದಲು ಅಕ್ಷರ ಕಾಣಲಿಲ್ಲ.

"ಅಲ್ಲೇನ್ ನಿಂತೀ?" ಎಂದರು ಅಕ್ಕಾರು. ತಿರುಗಿದೆ. ನನ್ನನ್ನೇ ನೋಡುತ್ತಿದ್ದರು. ಕೈ ಮೊಣಕೈವರೆಗೆ ಹಸಿರಾಗಿತ್ತು. "ಹೇಳ್ ಯಂಕಪ್ಪ. ಮುಂದ ಏನ್ ಹಾಕೂಣು?"

"ಗೊತ್ತಿಲ್ರಿ ಅಕ್ಕಾರ."

"ನನಗೂ ಗೊತ್ತಿಲ್ಲ," ಎಂದು ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾವಂತ್ರಿಯ ಕೈಯಿಂದ ಬಿಳಿ ಲಡಿ ತೆಗೆದುಕೊಂಡರು.